ಪಟ್ಟಿಯ ಮೇಲಿನ ಹೆಸರು

ಗಂಡನ ಉತ್ತರಕ್ರಿಯೆಗೆ ಬಂದ ನೆಂಟರೆಲ್ಲ ಹೋದ ಮೇಲಿನ ಮೊದಲ ಬೆಳಿಗ್ಗೆ, ಹಾಲು ಕಾಯಿಸಿ, ಅವನ ಲೋಟವನ್ನು ತೊಳೆದಿಟ್ಟೆ. ಟೀವಿಯ ಕೆಳಗೆ ಗೇಮ್ ಸೆಟ್ಟಿನ ಕೆಂಪು ದೀಪ ಇನ್ನೂ ಉರಿಯುತ್ತಿತ್ತು. ಅದನ್ನು ಆರಿಸಲು ನಾನು ಯಾರಿಗೂ ಬಿಟ್ಟಿರಲಿಲ್ಲ.

ಹಾರುವ ಹಂದಿಯೊಂದು ಗಡಿಯಾರಗಳಿಗೆ ಗುಂಡು ಹೊಡೆಯುತ್ತ ಬಲಕ್ಕೆ ಸಾಗುವ ತಿಕ್ಕಲು ಆಟ ಅದು. ಕಾಲೇಜಿನ ದಿನಗಳಲ್ಲಿ ಅವನು ನನ್ನನ್ನು ವಿಡಿಯೊ ಗೇಮ್ ಪಾರ್ಲರಿಗೆ ಕರೆದೊಯ್ದು, ಅದೇ ಆಟದ ದೊಡ್ಡ ಮೆಷಿನ್ನಿನಲ್ಲಿ ಅಂಕಪಟ್ಟಿ ತೋರಿಸಿದ್ದ. ಎಲ್ಲರಿಗಿಂತ ಮೇಲೆ, ಇಂಗ್ಲಿಷಿನ ಮೂರಕ್ಷರದಲ್ಲಿ ನನ್ನ ಹೆಸರು: ಇಳಾ.

"ಗೆದ್ದೋರು ಹೆಸರು ಹಾಕ್ಬಹುದು. ನಾನು ನಿಂದು ಹಾಕ್ದೆ."

ಅಪ್ಪನನ್ನು ಎದುರುಹಾಕಿಕೊಂಡು ಅವನನ್ನು ಮದುವೆಯಾದೆ.

ಕಳೆದ ತಿಂಗಳು ಗೆಳೆಯನಿಂದ ಮನೆಯಲ್ಲಿ ಆಡುವ ಸೆಟ್ಟನ್ನು ಎರವಲು ತಂದು, ಅದರಲ್ಲೂ ನನ್ನ ಹೆಸರು ತೋರಿಸಿದ್ದ. "ಆಫ್ ಮಾಡ್ಬೇಡ ಕಣೇ, ಅಳಿಸ್ಹೋಗತ್ತೆ."

ಸತ್ತವನ ಋಣ ಉಳಿಯಬಾರದೆಂದು ಆ ಬೆಳಿಗ್ಗೆ ನಾನೇ ಆರಿಸಿದೆ. ಸೆಟ್ಟನ್ನು ಗೆಳೆಯನ ಮನೆಗೆ ಒಯ್ದುಕೊಟ್ಟೆ.

"ಇಷ್ಟು ಬೇಗ ಯಾಕೆ ತರೋಕೆ ಹೋದ್ರಿ ಅತ್ತಿಗೆ?" ಎನ್ನುತ್ತಲೇ ಗೆಳೆಯ ವೈರು ಸಿಕ್ಕಿಸಿ, ಸರಿಯಿದೆಯೇ ಎಂದು ಹಾಕಿ ನೋಡಿದ. ಪರದೆ ಬೆಳಗಿತು. ಪಟ್ಟಿಯ ಮೇಲೆ ಅದೇ ಮೂರಕ್ಷರ.

"ಅಳಿಸಿಲ್ಲ!" ಎಂದು ಕೂಗಿಬಿಟ್ಟೆ. "ನೋಡಿ, ಅವರು ಹಾಕಿದ ಹೆಸರು ಹಾಗೇ ಇದೆ!"

"ಅವನೆಲ್ಲಿ ಹಾಕ್ತಾನೆ ಅತ್ತಿಗೆ," ಗೆಳೆಯ ನಕ್ಕ. "ಮೊದಲ್ನೇ ಗಡಿಯಾರಕ್ಕೇ ಸಾಯ್ತಿದ್ದ. ಅದು ಕಂಪನಿಯವರೇ ಹಾಕಿ ಕಳಿಸೋ ಹೆಸರು. ಪಾರ್ಲರಿನ ಮೆಷಿನ್ನಲ್ಲೂ ಅದೇ ಇತ್ತಲ್ಲ."