ನಡುದಾರಿಯ ಕೋಣೆ

ನನ್ನ ಮಚ್ಚಿನ ಹೊಳಪಿಗೆ ಮೂರು ತಾಲ್ಲೂಕಿನ ಕೋಳಿಗಳು ಬೆಳಗಾಯಿತೆಂದು ಕೂಗುತ್ತವೆ. ಅಂಥ ಮಚ್ಚು ಹಿಡಿದು ಇಂಟರ್ನೆಟ್ ಕಂಪನಿಯ ಯಂತ್ರದ ಕೋಣೆಗೆ ನುಗ್ಗಿದೆ. ಒದ್ದ ರಭಸಕ್ಕೆ ಬಾಗಿಲು ಹಾರಿ ಎದುರುಗೋಡೆಗೆ ಕ್ಯಾಲೆಂಡರಿನಂತೆ ಅಂಟಿಕೊಂಡಿತು. ಕುರ್ಚಿಯಲ್ಲಿದ್ದ ಇಂಜಿನಿಯರನ ತಲೆಯನ್ನು ಯಂತ್ರಕ್ಕೆ ಅಪ್ಪಳಿಸಿ, ಕುತ್ತಿಗೆಗೆ ಮಚ್ಚಿಟ್ಟೆ.

“ನಮ್ಮ ಧಣಿ ಹೆಂಡ್ತಿ ಕೈಲಿ ಚಪ್ಪಲಿ ಏಟು ತಿನ್ನೋ ವಿಡಿಯೊ ಊರಿಗೆಲ್ಲ ಹಂಚಿದ್ದು ನೀನೇನೋ?”

“ನಾನಲ್ಲಣ್ಣ! ಇದು ಬರೀ ನಡುದಾರಿ. ವಿಡಿಯೊ, ಮೆಸೇಜು ಎಲ್ಲ ಚೂರುಚೂರು ಪೊಟ್ಟಣವಾಗಿ ಬರುತ್ತೆ, ಪ್ರತಿ ಪೊಟ್ಟಣದ ಮೇಲೂ ಒಂದು ಲೇಬಲ್ ಇರುತ್ತೆ. ಈ ಯಂತ್ರ ಅದನ್ನ ಕಿತ್ತು, ಮುಂದಿನ ಯಂತ್ರಕ್ಕೆ ಅರ್ಥ ಆಗೋ ಲೇಬಲ್ ಹಚ್ಚಿ ತಳ್ಳುತ್ತೆ.”

“ಒಳಗೇನಿದೆ ಅಂತ ನೋಡಲ್ವಾ?”

“ಇಲ್ಲಣ್ಣ. ಎಲ್ಲಿಂದ ಹೊರಟಿದ್ದು, ಕೊನೆಗೆ ಯಾರಿಗೆ ಮುಟ್ಟುತ್ತೆ, ಅದನ್ನೂ ನೋಡಲ್ಲ. ಬಿಚ್ಚಿ ನೋಡ್ತಾ ಕೂತ್ರೆ ಹಿಂದೆ ಬರೋದೆಲ್ಲ ನಿಂತುಹೋಗುತ್ತೆ.”

“ಅದ್ರಿಂದ ಯಾರದೋ ಮನೆ ಹಾಳಾದ್ರೆ?”

“ಅದಕ್ಕೆ ನಾವು ಹೇಗಣ್ಣ ಹೊಣೆ? ನಮ್ಮ ಕೆಲಸ ಮುಂದಕ್ಕೆ ಕಳಿಸೋದು, ಅಷ್ಟೇ.”

ಅವನ ಹಣೆಯ ರಕ್ತ ನನ್ನ ಮುಂಗೈಗೆ ಇಳಿಯುತ್ತಿತ್ತು. ನನ್ನ ಕಣ್ಣಲ್ಲಿ ಕಾವೇರಿಯೇ ಉಕ್ಕಿತು. ಮೂವತ್ತಾರು ಕೇಸುಗಳಲ್ಲಿ ಕಟಕಟೆ ಹತ್ತಿದ ನಾನು, ಇಷ್ಟು ಚೊಕ್ಕವಾದ ನ್ಯಾಯವನ್ನು ಯಾವ ಜಡ್ಜಿನ ಬಾಯಲ್ಲೂ ಕೇಳಿರಲಿಲ್ಲ.

“ನಂಬಿದೆ ಕಣಪ್ಪ. ನಿಂದೇನೂ ತಪ್ಪಿಲ್ಲ.”

ಅವನು ಕೈಮುಗಿದ. “ಹಾಗಾದ್ರೆ ಬಿಟ್ಬಿಡಣ್ಣ.”

“ಹೆಂಗೋ ಬಿಡ್ಲಿ? ನಂಗೆ ಧಣಿ ಈ ಕುರ್ಚೀಲಿ ಕೂತೋನು ಅಂತ ಗುರುತು ಹೇಳಿ ಕಳಿಸಿದ್ದಾರೆ. ತಪ್ಪು ಯಾರದು ಅಂತ ನೋಡು ಅಂದಿಲ್ಲ,” ಎಂದು ಮಚ್ಚೆತ್ತಿದೆ. “ನಾನೂ ನಿನ್ನ ಥರಾನೇ, ಮುಂದಕ್ಕೆ ಕಳಿಸೋನು.”