ಬೇಗ ಸಾಯುವ ಮೀನು

"ಇದರಲ್ಲಿ ಬೇಗ ಸಾಯೋ ಮೀನು ಯಾವುದು?"

ವಿಶ್ವನಾಥ ಕೈಯಲ್ಲಿದ್ದ ಬಲೆಯನ್ನು ತೊಟ್ಟಿಯೊಳಗೇ ಬಿಟ್ಟು ತಿರುಗಿದ. ವಿದ್ಯಾರಣ್ಯಪುರದಲ್ಲಿ ಹದಿನಾಲ್ಕು ವರ್ಷದಿಂದ ಮೀನು ಸಾಕಿ ಮಾರುವವನು. ಮೀನು ಸಾಕಿದ ನೀರಿನಲ್ಲೇ ಸೊಪ್ಪು ಬೆಳೆಯುವ ಹುಚ್ಚು ಈಗೀಗ ಊರಿಗೆಲ್ಲ ಹತ್ತಿದೆ. ಬಂದವರೆಲ್ಲ ಕೇಳುವುದು ಸಾಯದ ಮೀನನ್ನೇ. ಈಯಮ್ಮ ನೋಡಿದರೆ ಉಲ್ಟಾ.

ಈಯಮ್ಮ ಎಂದರೆ ಪುಟ್ಟೇನಹಳ್ಳಿಯ ಗಂಗರತ್ನಮ್ಮ. ಅವರ ಮಾವನವರು ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಮೂರಂತಸ್ತಿನ ಮನೆ ಎದ್ದಿದೆ. ಕೆಳಗಿನವೆರಡೂ ಬಾಡಿಗೆಗೆ, ಮೇಲೆ ಅವರು.

"ಅಮ್ಮಾ, ಹೊಸಬರಿಗೆ ಜಿಲೇಬಿ ಮೀನೇ ಸರಿ," ಎಂದ ವಿಶ್ವನಾಥ. "ಏನ್ ಮಾಡಿದ್ರೂ ಸಾಯಲ್ಲ. ನಿಮ್ಮ ಬೀದಿ ಬ್ಯಾಟರಾಯಪ್ಪನವರಿಗೆ ಕೊಟ್ಟಿದ್ನಲ್ಲ, ಹನ್ನೊಂದು ದಿನ ಯಾರೂ ಒಂದು ಕಾಳು ಹಾಕಿರ್ಲಿಲ್ವಂತೆ. ಅವರ ಅಣ್ಣನ ಮಗ ವಾಪಸ್ ತಂದಾಗ ಹೆಂಗೆ ಎಗರಾಡ್ತಿದ್ವು ಗೊತ್ತಾ?"

"ಗೊತ್ತು," ಎಂದರು ಗಂಗರತ್ನಮ್ಮ. "ಅದೊಂದು ಬೇಡ."

ಗೋಲ್ಡ್ ಫಿಶ್ ತೋರಿಸಿದ. ಒಂದೆರಡು ದಿನ ನೋಡಿಕೊಳ್ಳದಿದ್ದರೆ ತಡೆಯುತ್ತಾ ಎಂದು ಕೇಳಿದರು. ಧಾರಾಳವಾಗಿ ಎಂದ. ಹಾಗಾದರೆ ಬೇಡ. ಕ್ಯಾಟ್‌ಫಿಶ್ ಕೆಸರಿನಲ್ಲೂ ಬದುಕುತ್ತದೆ ಎಂದಾಗ ಅಯ್ಯೋ, ಬೇಡವೇ ಬೇಡ ಎಂದರು. ಕೊನೆಗೆ ಕಟ್ಲಾ ತೊಟ್ಟಿಯ ಮುಂದೆ ನಿಂತರು. ಕಟ್ಲಾ ನಾಜೂಕು ಜಾತಿ. ತೊಟ್ಟಿ ತುಂಬ ಮೀನಿದ್ದು ಗಾಳಿ ಪಂಪು ನಿಂತುಹೋದರೆ ಕೆಲವೇ ಗಂಟೆಯಲ್ಲಿ ಕತೆ ಮುಗಿಯಿತು.

"ಸತ್ರೆ ವಾಸನೆ ಯಾವಾಗ ಶುರುವಾಗುತ್ತೆ?"

"ಈ ಬಿಸಿಲಿಗೆ? ಅವತ್ತೇ ಬರುತ್ತೆ."

"ಇದನ್ನೇ ಕೊಡಿ."

ಅಲ್ಲಿಗೆ ವಿಶ್ವನಾಥನ ತಲೆಯೊಳಗೆ ಹುಳ ಹೊಕ್ಕಿತು. ಭಾನುವಾರ ತೊಟ್ಟಿ ಜೋಡಿಸಲು ಪುಟ್ಟೇನಹಳ್ಳಿಗೆ ಹೋದಾಗ ಅದು ಇನ್ನೂ ಬಲಿಯಿತು. ತಾರಸಿ ಖಾಲಿ ಬಿದ್ದಿದೆ, ಬೇಕಾದಷ್ಟು ಬಿಸಿಲಿದೆ, ಅಲ್ಲೇ ಇಡೋಣ ಎಂದ. ಗಂಗರತ್ನಮ್ಮ ಒಪ್ಪಲಿಲ್ಲ. ತೊಟ್ಟಿ ಕೆಳಗೇ ಇರಬೇಕು, ಅದೂ ನೆಲಮಹಡಿಯಲ್ಲಿ ಬಾಡಿಗೆಗಿರುವ ಫಖ್ರುನ್ನೀಸಾಳ ಅಡುಗೆಮನೆ ಕಿಟಕಿಗೆ ಅಂಟಿಕೊಂಡಂತೆ.

"ಅವಳ ಮೂಗು ಬಲು ಚುರುಕು," ಎಂದರು. "ಬಂದು ಎರಡು ವರ್ಷ ಆಯ್ತು. ಬಾಡಿಗೆ ಫೋನಿಗೆ ಹಾಕ್ಬಿಡ್ತಾಳೆ, ಮುಖಾನೇ ತೋರಿಸಲ್ಲ."

ಅಷ್ಟರಲ್ಲಿ ಫಖ್ರುನ್ನೀಸಾ ಕಿಟಕಿಯಲ್ಲಿ ಇಣುಕಿದಳು. ಕೊರಳಲ್ಲಿ ಹೊಲಿಗೆಯ ಟೇಪು ನೇತಾಡುತ್ತಿತ್ತು. "ಸೊಪ್ಪು ಬಂದ್ರೆ ನಮಗೂ ಕೊಡ್ತೀರಾ ಆಂಟಿ?"

"ನಿನಗೋಸ್ಕರಾನೇ ಇಡಿಸ್ತಿರೋದಮ್ಮ," ಎಂದರು ಗಂಗರತ್ನಮ್ಮ, ನಗದೆ.

ಪಾಪದ ಹುಡುಗಿ ಖುಷಿಯಾಗಿ ಒಳಗೆ ಹೋದಳು.

ಪಂಪಿಗೂ ಒಂದು ಷರತ್ತು ಬಂತು. ಒಂದು ಸಲ ತಿರುಗಿಸಿದರೆ ಒಂದೇ ದಿನ ಓಡಿ ನಿಲ್ಲುವ ಟೈಮರ್ ಹಾಕಬೇಕು. ಕರೆಂಟು ಹೋದರೆ ಯುಪಿಎಸ್ ಇದೆ, ಆದರೆ ದಿನಾ ಬೆಳಿಗ್ಗೆ ತಿರುಗಿಸುವವರು ತಾವೇ.

"ಮರೆತ್ರೆ ಅಷ್ಟೂ ಸಾಯುತ್ತಲ್ಲಮ್ಮಾ!"

"ನಾನಿರೋವರೆಗೂ ಮರೆಯಲ್ಲ."

ಕಾಫಿಗೆಂದು ಮೇಲೆ ಕರೆದೊಯ್ದರು. ಆರು ಜನ ಕೂರುವ ಊಟದ ಮೇಜಿನಲ್ಲಿ ಐದು ಕುರ್ಚಿಗಳ ಮೇಲೆ ದೂಳು ಕೂತಿತ್ತು. ಅವರು ಒಂದನ್ನು ಸೆರಗಿನಿಂದ ಒರೆಸಿ ಅವನಿಗೆ ಕೊಟ್ಟರು. ಮಾಡಿದ ಕಾಫಿ ನಾಲ್ಕು ಜನಕ್ಕಾಗುವಷ್ಟಿತ್ತು. ಲೋಟ ಮುಗಿಯುವ ಮೊದಲೇ ಇನ್ನೊಂದು ಸುರಿದರು. ಇನ್ನೂ ಸ್ವಲ್ಪ ಕೂತಿರಿ ಎಂದರು.

ಉಗುರಿನಷ್ಟಿದ್ದಾಗಿನಿಂದ ಸಾಕಿದ ಮೀನುಗಳವು. ವಿಶ್ವನಾಥ ಲೋಟ ಕೆಳಗಿಟ್ಟು ಎದ್ದುನಿಂತ.

"ಅಮ್ಮಾ, ತಪ್ಪು ತಿಳ್ಕೋಬೇಡಿ. ನಾನು ಮೀನು ಕೊಡಲ್ಲ. ಆಯಮ್ಮನ್ನ ಮನೆ ಬಿಡಿಸ್ಬೇಕು ಅಂದ್ರೆ ಬಾಯಿಬಿಟ್ಟು ಹೇಳಿ. ಮೀನು ಸಾಯಿಸಿ, ನಾರಿಸಿ ಓಡಿಸೋದು ಯಾವ ನ್ಯಾಯ ಕಣಮ್ಮಾ?"

ಗಂಗರತ್ನಮ್ಮ ಅವನನ್ನೇ ನೋಡಿದರು. ಸಿಟ್ಟು ಮಾಡಿಕೊಳ್ಳಲಿಲ್ಲ.

"ಬ್ಯಾಟರಾಯಪ್ಪನ ಮೀನು ಯಾಕೆ ವಾಪಸ್ ಬಂತು ಅಂತ ನೀವು ಕೇಳ್ಲೇ ಇಲ್ವಾ?"

ಅವನು ಕೇಳಿರಲಿಲ್ಲ. ಎಲ್ಲೋ ಯಾತ್ರೆಗೆ ಹೋಗಿದ್ದಾರೆ ಅಂದುಕೊಂಡಿದ್ದ.

"ಹನ್ನೊಂದು ದಿನ ಆಯಪ್ಪ ಕಿಟಕಿ ಮುಚ್ಚಿದ ಒಳಕೋಣೇಲಿ ಸತ್ತು ಬಿದ್ದಿದ್ರು, ವಾಸನೆ ಬೀದೀವರೆಗೂ ಬರ್ಲಿಲ್ಲ. ಬಾಗಿಲು ಮುಂದಿನ ತೊಟ್ಟೀಲಿ ಮೀನು ಆಡ್ಕೊಂಡಿದ್ವು. ಮೀನು ಚೆನ್ನಾಗಿದಾವೆ, ಯಜಮಾನ್ರೂ ಚೆನ್ನಾಗಿರ್ತಾರೆ ಅಂತ ಬೀದಿಯೋರೆಲ್ಲ ನೋಡ್ಕೊಂಡೇ ಓಡಾಡಿದ್ವಿ. ನಾನೂ ಅಷ್ಟೇ." ಅವರು ಸೆರಗಿನಿಂದ ಇನ್ನೊಂದು ಕುರ್ಚಿಯ ದೂಳು ಒರೆಸಿದರು. "ಫಖ್ರುನ್ನೀಸಾ ಎಲ್ಲಿಗೂ ಹೋಗ್ಬಾರ್ದು ಕಣಪ್ಪಾ. ನಾನು ಸತ್ತ ಮಾರನೇ ದಿನವೇ ಅವಳು ಬೈಕೊಂಡು ಮೆಟ್ಟಿಲು ಹತ್ತಿ ಬಂದು, ನನ್ನ ಬಾಗಿಲು ಬಡೀಬೇಕು."