ಹೊರದೇ ಬಿಟ್ಟ ಹರಕೆ

ಹನುಮಪ್ಪನ ಗುಡಿಯ ಅರ್ಚಕ ವಾದಿರಾಜಾಚಾರ್ಯರೂ ದೇವರೇ ಇಲ್ಲವೆನ್ನುವ ಶಿವರುದ್ರ ಮಾಸ್ತರರೂ ಬಾಲ್ಯದ ಗೆಳೆಯರು. ಸಂಜೆ ಗುಡಿಯ ಕಟ್ಟೆಯ ಮೇಲೆ ಕೂತು ದೇವರ ಬಗ್ಗೆ ಜಗಳವಾಡದಿದ್ದರೆ ಇಬ್ಬರಿಗೂ ರಾತ್ರಿಯ ರೊಟ್ಟಿ ಇಳಿಯುತ್ತಿರಲಿಲ್ಲ.

ಒಂದು ದಿನ ಮಾಸ್ತರರಿಗೆ ಎದೆನೋವು ಬಂದು, ಹೃದಯದ ಆಪರೇಷನ್ ಆಯಿತು. ಅವರು ಕಣ್ಣುಬಿಟ್ಟಾಗ ಪಕ್ಕದ ಕುರ್ಚಿಯಲ್ಲಿ ಆಚಾರ್ಯರು ಕೂತಿದ್ದರು.

"ನಾ ಒಳಗಿದ್ದಾಗ ನಿಮ್ಮ ಹನುಮಪ್ಪಗ ಏನರೆ ಹರಕಿ ಹೊತ್ತಿದ್ದೇನು?" ಮಾಸ್ತರರು ಸಣ್ಣ ದನಿಯಲ್ಲಿ ಕೇಳಿದರು.

"ಛೇ, ಇಲ್ಲಪಾ. ಬಾಯಿತನಕ ಬಂದಿತ್ತು. ಎದ್ದ ಮ್ಯಾಲೆ ನೀ ಸಿಟ್ಟಾಗ್ತೀ ಅಂತ ತಡಕೊಂಡೆ."

"ಅಭಿಷೇಕ?"

"ಮಾಡಲಿಲ್ಲ."

"ಒಂದು ಕಾಯೀನೂ ಒಡೀಲಿಲ್ಲ?"

"ನಿನ್ನ ಹೆಸರಲೆ ಒಂದು ಊದಿನಕಡ್ಡಿ ಸುದ್ದಾ ಹಚ್ಚಿಲ್ಲ. ನಿನ್ನ ವಿಚಾರಕ್ಕ ನಾ ಮರ್ಯಾದಿ ಕೊಡಬೇಕಲ್ಲ?" ಆಚಾರ್ಯರು ಹೆಮ್ಮೆಯಿಂದಲೇ ಹೇಳಿದರು.

ಮಾಸ್ತರರು ಗೆಳೆಯನತ್ತ ಮುಖ ಹೊರಳಿಸಿದರು.

"ದೇವರನ್ನ ನಾ ನಂಬೂದಿಲ್ಲ, ಖರೆ. ನೀ ನಂಬ್ತೀಯಲ್ಲೋ. ಗೆಳ್ಯಾ ಸಾಯಾಕ ಹತ್ಯಾನಂದ್ರ ಆ ಹನುಮಪ್ಪಗೊಂದು ಮಾತು ಹೇಳಿಡಾಕ ನಿನಗೇನು ಧಾಡಿ ಬಡದಿತ್ತು?"